ಕೀಲಿಕೈ ಯಾರ ಕೈಯಲ್ಲಿ?



ಸಂಬಳ, ರಜೆ, ಓವರ್‌ಟೈಮು, ಖೋಲಿಯ ಬಾಡಿಗೆ ಇವುಗಳ ಬಗ್ಗೆ ಬರೆಯಬೇಕಾದ ಈ ಪುಟದಲ್ಲಿ ಕಂಪ್ಯೂಟರಿನ ಪಾಸ್‌ವರ್ಡಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಏಳನೆಯ ತರಗತಿ ಮುಗಿಸಿ ಮುಂಬಯಿಯ ರೈಲು ಹತ್ತಿದವನು. ಟೇಬಲು ಒರಸಿ, ಕಪ್ಪು ಬಸಿ ತೊಳೆದು, ಸಪ್ಲೈಯರಾಗಿ ಕೆಲವು ವರ್ಷ ದುಡಿದು, ಆಮೇಲೆ ಸಂಘದ ಕೆಲಸಕ್ಕೆ ಬಿದ್ದವನು. ಯಂತ್ರದ ವಿದ್ಯೆ ನನ್ನದಲ್ಲ. ಆದರೆ ನಮ್ಮ ಕಚೇರಿಯಲ್ಲಿ ನಡೆದ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಅದರ ಬೇರು ಎಲ್ಲಿದೆ ಎಂದು ಹುಡುಕುತ್ತ ಹೋದವನಿಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅದು ಮಳೆಗಾಲ. ನಮ್ಮ ಹಿರಿಯ ಸದಸ್ಯರೊಬ್ಬರು, ಇಪ್ಪತ್ತೆರಡು ವರ್ಷ ಒಂದೇ ಹೊಟೇಲಿನ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದ ಭಟ್ಟರು, ಕೆಲಸ ಬಿಟ್ಟ ಮೇಲೆ ಗ್ರಾಚ್ಯುಯಿಟಿಗೆ ಅರ್ಜಿ ಹಾಕಿದ್ದರು. “ಈತ ನಡುವೆ ಎರಡು ಸಲ ಕೆಲಸ ಬಿಟ್ಟು ಊರಿಗೆ ಹೋಗಿ ಕೂತಿದ್ದ” ಎಂದು ಮಾಲಿಕರು ತಕರಾರು ತೆಗೆದರು. ಅದು ಸುಳ್ಳೆಂದು ತೋರಿಸುವುದಕ್ಕೆ ಭಟ್ಟರ ಟ್ರಂಕಿನಲ್ಲಿ ಹಳೆಯ ಸಂಬಳದ ಚೀಟಿಗಳಿದ್ದುವು, ತಿಂಗಳು ತಿಂಗಳೂ ಮನೆಗೆ ಹಣ ಕಳುಹಿಸಿದ ರಸೀದಿಗಳಿದ್ದುವು. ಖೋಲಿಯಲ್ಲಿ ನೀರು ನುಗ್ಗಿ ಅವೆಲ್ಲ ಹಾಳಾಗಬಾರದೆಂದು ನಾವೇ ಅವನ್ನು ತೆಗೆದುಕೊಂಡು, ಪಟ ಹಿಡಿದು, ಕಚೇರಿಯ ಎರಡನೆಯ ಮೇಜಿನ ಕಂಪ್ಯೂಟರಿನಲ್ಲಿ ಇಟ್ಟಿದ್ದೆವು. ನಾವು ಹೆದರಿದಂತೆಯೇ ಆ ವರ್ಷ ಖೋಲಿಗೆ ನೀರು ನುಗ್ಗಿತು. ಟ್ರಂಕಿನ ಕಾಗದ ಮುದ್ದೆಯಾಯಿತು. ಉಳಿದದ್ದು ಕಂಪ್ಯೂಟರಿನಲ್ಲಿದ್ದುದು ಮಾತ್ರ.

ವಿಚಾರಣೆಯ ಹಿಂದಿನ ದಿನ ಆ ಯಂತ್ರವನ್ನು ತೆರೆಯಲು ಹೋದರೆ ತೆರೆಯಲಿಲ್ಲ. ಅದರ ಪಾಸ್‌ವರ್ಡು ಗೊತ್ತಿದ್ದ ಒಬ್ಬನೇ ಒಬ್ಬ ಕಾರ್ಯಕರ್ತ ತಂದೆಯ ಉತ್ತರಕ್ರಿಯೆಗೆಂದು ಊರಿಗೆ ಹೋಗಿದ್ದ. ಘಟ್ಟದ ಬುಡದ ಹಳ್ಳಿ, ಗಾಳಿಮಳೆ, ಫೋನು ಹತ್ತಲಿಲ್ಲ. ಪಕ್ಕದ ಮೇಜಿನ ಯಂತ್ರದ ಪಾಸ್‌ವರ್ಡು ನನಗೆ ಗೊತ್ತಿತ್ತು. ಅದನ್ನು ಇದಕ್ಕೆ ಕೊಟ್ಟರೆ ಇದು ನನ್ನನ್ನು ಗುರುತಿಸಲೇ ಇಲ್ಲ. ಮರುದಿನ ಬರಿಗೈಯಲ್ಲಿ ಹೋದೆವು. ಎರಡೂವರೆ ತಿಂಗಳ ಮುಂದಿನ ತಾರೀಖು ಬಿತ್ತು. ಮೆಟ್ಟಿಲು ಇಳಿಯುವಾಗ ಭಟ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಲ್ಲ ಮಾರಾಯ, ಕಾಗದ ನನ್ನದು, ಪೆಟ್ಟಿಗೆ ನಿಮ್ಮದು, ಬೀಗ ಹಾಕಿದವರೂ ನೀವೇ. ತೆಗೆಯುವುದಕ್ಕೆ ಮಾತ್ರ ಯಾರೂ ಇಲ್ಲವೇ?” ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯಲಿಲ್ಲ.

ಇದಾದ ಕೆಲವೇ ದಿನಗಳಲ್ಲಿ ಇನ್ನೊಂದು ಬೆಳಕಿಗೆ ಬಂತು. ವರ್ಷದ ಹಿಂದೆ ನಮ್ಮ ಕಚೇರಿಯ ಕೆಲಸ ಬಿಟ್ಟುಹೋದ ಗುಮಾಸ್ತರೊಬ್ಬರು ಯಾವುದೋ ಕಾರಣಕ್ಕೆ ಬಂದವರು, ಲೆಕ್ಕದ ಯಂತ್ರದ ಮುಂದೆ ಕುಳಿತು ತಮ್ಮ ಹಳೆಯ ಪಾಸ್‌ವರ್ಡನ್ನೇ ಒತ್ತಿದರು. ಯಂತ್ರ ತೆರೆದುಕೊಂಡಿತು. “ಇದನ್ನು ಇನ್ನೂ ತೆಗೆದಿಲ್ಲವೇ?” ಎಂದು ಅವರೇ ನಕ್ಕರು. ಅವರು ಸಜ್ಜನರು, ಆದುದರಿಂದ ನಕ್ಕರು. ಆ ಯಂತ್ರದಲ್ಲಿ ಸಾವಿರಾರು ಸದಸ್ಯರ ಹೆಸರು, ವಿಳಾಸ, ಯಾರು ಯಾವ ಹೊಟೇಲಿನಲ್ಲಿ ಸಂಘಕ್ಕೆ ಸೇರಿದ್ದಾರೆ, ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ ಎಂಬುದೆಲ್ಲ ಇದೆ. ಸಜ್ಜನರಲ್ಲದವರು ಅಲ್ಲಿ ಕುಳಿತಿದ್ದರೆ ಮರುದಿನ ಎಷ್ಟು ಹುಡುಗರ ಗಂಟುಮೂಟೆ ಹೊಟೇಲಿನಿಂದ ಹೊರಗೆ ಬೀಳುತ್ತಿತ್ತೋ ಯೋಚಿಸಿರಿ.

ಬೇಕಾದವನಿಗೆ ಬಾಗಿಲು ತೆರೆಯಲಿಲ್ಲ, ಬೇಡವಾದವನಿಗೆ ಮುಚ್ಚಲಿಲ್ಲ. ಎರಡೂ ಒಂದೇ ರೋಗದ ಲಕ್ಷಣಗಳು. ಪ್ರತಿಯೊಂದು ಯಂತ್ರವೂ “ನನ್ನೊಳಗೆ ಯಾರು ಬರಬಹುದು” ಎಂಬ ಪಟ್ಟಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ನಾಲ್ಕು ಯಂತ್ರಕ್ಕೆ ನಾಲ್ಕು ಪಟ್ಟಿ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಿಳಿಯದು.

ನಮ್ಮಲ್ಲಿ ಈ ರೋಗ ಹೆಚ್ಚು ಜೋರಾಗುವುದಕ್ಕೆ ಮತ್ತೊಂದು ಕಾರಣವುಂಟು. ನಮ್ಮ ಯಂತ್ರಗಳು ಒಂದೇ ಜಾತಿಯವಲ್ಲ. ಲೆಕ್ಕ ಬರೆಯುವ ಎರಡು ಯಂತ್ರಗಳು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸಿನಲ್ಲಿ ನಡೆಯುತ್ತವೆ. ದಾನವಾಗಿ ಬಂದ ಎರಡು ಹಳೆಯ ಯಂತ್ರಗಳಿಗೆ, ದುಡ್ಡಿಲ್ಲದ ಸಂಘವೆಂದು, ನಮ್ಮ ಸದಸ್ಯರೊಬ್ಬರ ಮಗ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಈ ಬಗೆಯ ಬೆರಕೆ ಇನ್ನು ಮುಂದೆ ಬಡ ಕಚೇರಿಗಳಲ್ಲೆಲ್ಲ ಹೆಚ್ಚುವುದೇ ಹೊರತು ಕಡಮೆಯಾಗುವುದಿಲ್ಲ. ವಿಂಡೋಸ್ ೧೦ಕ್ಕೆ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ನ್ನು ಹೊರಲಾರದ ಹಳೆಯ ಯಂತ್ರಗಳು ಲಕ್ಷಗಟ್ಟಲೆ ಇವೆ. ಅವನ್ನು ಮೋರಿಗೆ ಎಸೆಯುವುದಕ್ಕಿಂತ ಲಿನಕ್ಸ್ ಹಾಕಿ ದುಡಿಸುವುದೇ ಜಾಣತನ. ಆದರೆ ಎರಡು ಜಾತಿಯ ಯಂತ್ರಗಳು ಒಂದೇ ಕೋಣೆಯಲ್ಲಿ ಕುಳಿತರೆ, ಎರಡಕ್ಕೂ ಒಪ್ಪಿಗೆಯಾಗುವ ಒಂದೇ ಪಟ್ಟಿ ಬೇಕು.

ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರಿಗೆ ಇದನ್ನು ಹೀಗೆ ಹೇಳಿದರೆ ತಟ್ಟನೆ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಮುಂಬಯಿಯ ಮಿಲ್ಲುಗಳಲ್ಲಿ ಒಳಗೆ ಯಾರು ಬರಬೇಕೆಂಬುದು ಜಾಬರನ ಮರ್ಜಿ. ಒಂದೊಂದು ಖಾತೆಗೆ ಒಬ್ಬೊಬ್ಬ ಜಾಬರ, ಅವನ ತಲೆಯಲ್ಲೇ ಅವನ ಪಟ್ಟಿ. ಬೆಳಿಗ್ಗೆ ಗೇಟಿನ ಮುಂದೆ ನಿಂತ ಬದಲಿಯವನು ಅವನ ಕೈ ಬಿಸಿ ಮಾಡದಿದ್ದರೆ ಒಳಗೆ ಹೋಗುವ ಹಾಗಿಲ್ಲ. ಈ ಹಾವಳಿ ತಡೆಯಲೆಂದು ೧೯೩೫ರಲ್ಲಿ ಮಿಲ್ ಮಾಲಿಕರ ಸಂಘವು ಬದಲಿ ನಿಯಂತ್ರಣದ ಯೋಜನೆ ತಂದಿತು. ತಿಂಗಳ ಮೊದಲ ದಿನ ಆಯ್ದ ಜನರಿಗೆ ಬದಲಿ ಕಾರ್ಡು ಕೊಡುವುದು, ಖಾಲಿಯಾದ ಜಾಗಕ್ಕೆ ಕಾರ್ಡಿನವರನ್ನೇ ತೆಗೆದುಕೊಳ್ಳುವುದು. ಜಾಬರನ ತಲೆಯೊಳಗಿದ್ದ ಪಟ್ಟಿ ಕಾಗದಕ್ಕೆ ಬಂತು. ನಮ್ಮ ಕಚೇರಿಯ ನಾಲ್ಕು ಯಂತ್ರಗಳು ಇಂದು ನಾಲ್ಕು ಜಾಬರರಂತೆ ಕುಳಿತಿವೆ. ಅವುಗಳ ತಲೆಯೊಳಗಿನ ಪಟ್ಟಿಯನ್ನು ತೆಗೆದು ಒಂದೇ ಪುಸ್ತಕಕ್ಕೆ ತರಬೇಕೆಂಬುದು ನನ್ನ ಮೊದಲ ಮಾತು.

ಇಂಥ ಒಂದೇ ಪುಸ್ತಕ ಹೊಸದೇನೂ ಅಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಹೋವ್ಸ್ ಮತ್ತು ಅವರ ಜೊತೆಯವರು ರೂಪಿಸಿದ ಎಲ್‌ಡಿಎಪಿ ಎಂಬ ನಿಯಮಾವಳಿ ೧೯೯೩ರಲ್ಲಿ ಪ್ರಕಟವಾಯಿತು. ಹೆಸರಿನ ಪುಸ್ತಕವನ್ನು ಒಂದು ಕಡೆ ಇಟ್ಟು, ಯಾವ ಯಂತ್ರ ಬಂದು ಕೇಳಿದರೂ “ಹೌದು, ಇಂಥವರು ನಮ್ಮಲ್ಲಿದ್ದಾರೆ, ಇಂಥ ಗುಂಪಿಗೆ ಸೇರಿದವರು” ಎಂದು ಉತ್ತರ ಹೇಳುವ ಭಾಷೆ ಅದು. ಯಾರ ಸ್ವತ್ತೂ ಅಲ್ಲದ, ಬೇಕಾದವರು ಓದಿ ಬಳಸಬಹುದಾದ ಭಾಷೆ.

ಹೆಸರಿದ್ದರೆ ಸಾಲದು. ಬಂದವನು ಅವನೇ ಹೌದೋ ಎಂದು ತಿಳಿಯಬೇಕು. ಅದಕ್ಕೆ ಇನ್ನೊಂದು ಏರ್ಪಾಡು ಇದೆ, ಹೆಸರು ಕೆರ್ಬೆರೋಸ್. ಗ್ರೀಕರ ಪುರಾಣದಲ್ಲಿ ಸತ್ತವರ ಲೋಕದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ೧೯೮೩ರಲ್ಲಿ ಅಥೀನಾ ಎಂಬ ಯೋಜನೆ ಆರಂಭವಾಯಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ಜಾಲದಲ್ಲಿ ಜೋಡಿಸಿ, ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕೆಲಸ ಸಿಗಬೇಕು ಎಂಬುದು ಅದರ ಗುರಿ. ಆ ಯೋಜನೆಯಲ್ಲಿ ಹುಟ್ಟಿದ ಕಾವಲುಗಾರನೇ ಈ ಕೆರ್ಬೆರೋಸ್.

ಅದರ ಕೆಲಸ ನಮ್ಮ ಹೊಟೇಲಿನವರಿಗೆ ಹೊಸದಲ್ಲ. ಕೂಪನ್ ಪದ್ಧತಿಯ ಹೊಟೇಲನ್ನು ನೆನೆಯಿರಿ. ಗಿರಾಕಿ ಗಲ್ಲದ ಮುಂದೆ ದುಡ್ಡು ಕೊಟ್ಟು ಕೂಪನ್ ಪಡೆಯುತ್ತಾನೆ. ದೋಸೆಯ ಕಡೆ ದೋಸೆಯ ಕೂಪನ್, ಕಾಫಿಯ ಕಡೆ ಕಾಫಿಯ ಕೂಪನ್ ತೋರಿಸುತ್ತಾನೆ. ದೋಸೆ ಭಟ್ಟ ದುಡ್ಡು ಕೇಳುವುದಿಲ್ಲ, ಕೂಪನ್ನಿನ ಮುದ್ರೆ ನೋಡುತ್ತಾನೆ. ಹಾಗೆಯೇ, ಬೆಳಿಗ್ಗೆ ಒಮ್ಮೆ ನೀವು ಪಾಸ್‌ವರ್ಡು ಒತ್ತಿದರೆ ಕೆರ್ಬೆರೋಸಿನ ಗಲ್ಲವು ನಿಮಗೊಂದು ಟಿಕೇಟು ಕೊಡುತ್ತದೆ. ಆಮೇಲೆ ಕಡತದ ಯಂತ್ರಕ್ಕೆ ಹೋದರೂ, ಮುದ್ರಿಸುವ ಯಂತ್ರಕ್ಕೆ ಹೋದರೂ ಆ ಟಿಕೇಟಿನ ಬಲದಿಂದ ಹೋಗುತ್ತೀರಿ. ಇದರಲ್ಲಿ ದೊಡ್ಡ ಗುಣವೆಂದರೆ ನಿಮ್ಮ ಪಾಸ್‌ವರ್ಡು ತಂತಿಯ ಮೇಲೆ ಓಡಾಡುವುದೇ ಇಲ್ಲ. ನಡುವೆ ಕಿವಿಗೊಟ್ಟವನಿಗೆ ಅದು ಸಿಗುವುದಿಲ್ಲ. ಟಿಕೇಟಿಗೆ ಅವಧಿಯೂ ಇದೆ. ವಿಂಡೋಸಿನ ಏರ್ಪಾಡಿನಲ್ಲಿ ಸಾಮಾನ್ಯವಾಗಿ ಹತ್ತು ಗಂಟೆ. ನಿನ್ನೆಯ ಕೂಪನ್ ಇಂದು ನಡೆಯದು.

ಇದಕ್ಕೊಂದು ನಿಯಮವುಂಟು, ಕೇಳಿದರೆ ನಗು ಬಂದೀತು. ಎಲ್ಲ ಯಂತ್ರಗಳ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಪಾಸ್‌ವರ್ಡು ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಟಿಕೇಟಿನ ಮೇಲೆ ಹೊತ್ತು ಬರೆದಿರುತ್ತದೆ, ಹೊತ್ತು ತಪ್ಪಿದರೆ ಅದು ಕದ್ದ ಟಿಕೇಟೆಂದು ಯಂತ್ರ ತಿಳಿಯುತ್ತದೆ. ಹೊಸ ಏರ್ಪಾಡು ಮಾಡಿದ ಎಷ್ಟೋ ಕಚೇರಿಗಳಲ್ಲಿ ತಲೆ ಕೆಟ್ಟುಹೋಗುವುದು ಈ ಒಂದು ಸಣ್ಣ ಕಾರಣಕ್ಕೆ ಎಂದು ನನಗೆ ಪಾಠ ಹೇಳಿಕೊಟ್ಟ ಹುಡುಗ ಹೇಳುತ್ತಾನೆ.

ಇನ್ನು ಬೆರಕೆಯ ಪ್ರಶ್ನೆ. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೨೦೦೦ದ ಜೊತೆಯಲ್ಲಿ ಆಕ್ಟಿವ್ ಡೈರೆಕ್ಟರಿ ಎಂಬ ಏರ್ಪಾಡನ್ನು ತಂದಿತು. ತಳಹದಿಯಲ್ಲಿ ಅದೇ ಎಲ್‌ಡಿಎಪಿ, ಅದೇ ಕೆರ್ಬೆರೋಸ್. ಆದರೆ ಟಿಕೇಟಿನೊಳಗೆ ಕಂಪನಿಯು ತನ್ನದೇ ಒಂದಿಷ್ಟು ಬರಹ ಸೇರಿಸಿತು. ಜೊತೆಗೆ ವಿಂಡೋಸ್ ಯಂತ್ರಗಳು ತಮ್ಮತಮ್ಮೊಳಗೆ ಆಡುವ ಬಹಳಷ್ಟು ಮಾತನ್ನು ಗುಟ್ಟಾಗಿಟ್ಟಿತು. ಮಾತು ತಿಳಿಯದ ಪರಯಂತ್ರವು ಸಭೆಯಲ್ಲಿ ಮೂಕನಂತೆ ಕೂರಬೇಕು. ಪಟ್ಟಿ ಇಡುವ ಯಂತ್ರವೂ ಅದೇ ಕಂಪನಿಯದೇ ಆಗಬೇಕು ಎಂಬಲ್ಲಿಗೆ ಬಂದು ನಿಂತಿತು.

ಈ ಗೋಡೆಗೆ ಆ ಮೊದಲೇ ಕಿಂಡಿ ಕೊರೆಯುತ್ತಿದ್ದವನು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್. ೧೯೯೨ರಲ್ಲಿ ಆತ ಆರಂಭಿಸಿದ ಕೆಲಸಕ್ಕೆ ಮುಂದೆ ಸಾಂಬಾ ಎಂಬ ಹೆಸರು ಬಂತು. ನಮ್ಮ ಕಿವಿಗೆ ಸಾಂಬಾರೆಂದೇ ಕೇಳುತ್ತದೆ, ಅಡ್ಡಿಯಿಲ್ಲ. ಗುಟ್ಟಿನ ಮಾತನ್ನು ಹೇಗೆ ಕಲಿತಿರೆಂದು ಕೇಳಿದವರಿಗೆ ಆತ ಕೊಟ್ಟ ಹೋಲಿಕೆ ಹೊಟೇಲಿನದೇ ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಪುಸ್ತಕವಿಲ್ಲದೆ, ಮೇಷ್ಟರಿಲ್ಲದೆ ಫ್ರೆಂಚ್ ಕಲಿಯಬೇಕೆಂದರೆ ಫ್ರಾನ್ಸಿನ ಒಂದು ಕಾಫಿ ಹೊಟೇಲಿನಲ್ಲಿ ಕುಳಿತು ಗಿರಾಕಿ ಸಪ್ಲೈಯರನಿಗೆ ಏನು ಹೇಳಿದ, ಆಮೇಲೆ ಟೇಬಲಿಗೆ ಏನು ಬಂತು ಎಂದು ಗುರುತು ಹಾಕಿಕೊಳ್ಳುತ್ತ ಹೋಗಬೇಕು, ನಾವು ತಂತಿಯ ಮೇಲಿನ ಮಾತಿಗೂ ಹಾಗೆಯೇ ಕಿವಿಗೊಟ್ಟೆವು ಎಂಬುದು ಆತನ ಮಾತಿನ ತಾತ್ಪರ್ಯ. ಬಂಧುಗಳೇ, ಕುಂದಾಪುರ, ಉಡುಪಿ, ಕಾರ್ಕಳದ ಹಳ್ಳಿಗಳಿಂದ ಬಂದ ನಾವು ಮರಾಠಿ, ಹಿಂದಿ, ಗುಜರಾತಿ ಕಲಿತದ್ದು ಬೇರೆ ಹೇಗೆ? “ಪಾಣಿ” ಎಂದಾಗ ಲೋಟ ಎತ್ತಿದ್ದು ನೋಡಿ “ಪಾಣಿ” ಎಂದರೆ ನೀರೆಂದು ತಿಳಿದೆವು. ನಮ್ಮಂತೆಯೇ ಕಲಿತ ಯಂತ್ರ ಅದು.

ಕಿವಿಗೊಟ್ಟು ಕಲಿಯುವುದರಲ್ಲಿ ಆಯುಸ್ಸು ಕಳೆಯುತ್ತದೆ. ಕಂಪನಿಯೇ ಬಾಯಿ ಬಿಡಬೇಕೆಂದು ಯೂರೋಪಿನಲ್ಲಿ ದೊಡ್ಡ ವ್ಯಾಜ್ಯ ನಡೆಯಿತು. ೧೯೯೮ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಎದುರಾಳಿ ಕಂಪನಿ ಕೊಟ್ಟ ದೂರಿನಿಂದ ಅದು ಹುಟ್ಟಿತು. ೨೦೦೪ರ ಮಾರ್ಚ್ ತಿಂಗಳಲ್ಲಿ ಐರೋಪ್ಯ ಆಯೋಗವು ತೀರ್ಮಾನ ಕೊಟ್ಟು ೪೯ ಕೋಟಿ ೭೦ ಲಕ್ಷ ಯೂರೋ ದಂಡ ಹಾಕಿತು. ಬೇರೆಯವರ ಯಂತ್ರಗಳು ಜೊತೆಗೂಡಿ ಕೆಲಸ ಮಾಡಲು ಬೇಕಾದ ವಿವರವನ್ನು ಕೊಡಬೇಕೆಂದೂ ವಿಧಿಸಿತು. ೨೦೦೭ರ ಸೆಪ್ಟೆಂಬರ್ ೧೭ರಂದು ಅಲ್ಲಿನ ನ್ಯಾಯಾಲಯ ಆ ತೀರ್ಮಾನವನ್ನು ಮುಖ್ಯವಾಗಿ ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸಾಂಬಾದವರು ಒಂದೇ ಕಂತಿನಲ್ಲಿ ಹತ್ತು ಸಾವಿರ ಯೂರೋ ಕಟ್ಟಿ ಆ ಕಾಗದಗಳನ್ನು ಪಡೆಯುವ ಒಪ್ಪಂದವಾಯಿತು. ೨೦೦೮ರಲ್ಲಿ ಕಂಪನಿಯೇ ಸುಮಾರು ಮೂವತ್ತು ಸಾವಿರ ಪುಟಗಳನ್ನು ಬಹಿರಂಗವಾಗಿ ಪ್ರಕಟಿಸಿತು. ೨೦೧೨ರ ಡಿಸೆಂಬರಿನಲ್ಲಿ ಹೊರಬಂದ ಸಾಂಬಾ ೪.೦ ಪಟ್ಟಿ ಇಡುವ ಯಂತ್ರದ ಕೆಲಸವನ್ನು ತಾನೇ ಮಾಡತೊಡಗಿತು. ಅಂದರೆ ಇಂದು ಒಂದು ಹಳೆಯ ಯಂತ್ರದಲ್ಲಿ ಲಿನಕ್ಸ್ ಮತ್ತು ಸಾಂಬಾ ಹಾಕಿದರೆ ವಿಂಡೋಸ್ ಯಂತ್ರಗಳೂ ಲಿನಕ್ಸ್ ಯಂತ್ರಗಳೂ ಅದನ್ನೇ ಹಿರಿಯನೆಂದು ಒಪ್ಪುತ್ತವೆ. ಪ್ರತಿ ತಲೆಗೆ ಇಷ್ಟೆಂದು ಕಂಪನಿಗೆ ಕಪ್ಪ ಕೊಡಬೇಕಾಗಿಲ್ಲ. ಹದಿನಾಲ್ಕು ವರ್ಷದ ಹೋರಾಟದ ಫಲ ನಮ್ಮ ಮೇಜಿನ ಮೇಲೆ ಬಿಟ್ಟಿ ಬಂದು ಕುಳಿತಿದೆ. ಅದನ್ನು ಬಳಸದಿರುವುದು ನಮ್ಮ ಸೋಮಾರಿತನ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಕಾರ್ಯಕಾರಿ ಸಮಿತಿಯಲ್ಲಿ ನಾನು ಈ ವಿಷಯ ತೆಗೆದಾಗ ಮೂರು ಆಕ್ಷೇಪಣೆಗಳು ಬಂದುವು. ಮೂರರಲ್ಲೂ ಹುರುಳಿದೆ.

ಮೊದಲನೆಯದು, “ಕೀಲಿಕೈ ಒಂದೇ ಆದರೆ ಕಳ್ಳನಿಗೆ ಅನುಕೂಲ. ಒಂದು ಸಿಕ್ಕಿದರೆ ಎಲ್ಲ ಬಾಗಿಲೂ ತೆರೆಯುತ್ತದೆ.” ನಿಜ. ಆದರೆ ನಾಲ್ಕು ಪಾಸ್‌ವರ್ಡು ನೆನಪಿಡಲಾರದೆ ನಾವು ಈಗ ಮಾಡುತ್ತಿರುವುದೇನು? ನಾಲ್ಕಕ್ಕೂ ಒಂದೇ ಪಾಸ್‌ವರ್ಡು ಇಡುತ್ತೇವೆ, ಅದನ್ನು ಚೀಟಿಯಲ್ಲಿ ಬರೆದು ಯಂತ್ರದ ಅಡಿಗೆ ಅಂಟಿಸುತ್ತೇವೆ. ಕಳ್ಳನಿಗೆ ಅನುಕೂಲ ಈಗಾಗಲೇ ಇದೆ, ನಮಗೆ ಮಾತ್ರ ಇಲ್ಲ. ಒಂದೇ ಕೀಲಿಯಿದ್ದರೆ ಅದು ಉದ್ದದ್ದಾಗಿರಲಿ, ಚೀಟಿಯಲ್ಲಿ ಬೇಡ. ಕಳೆದುಹೋಯಿತೆಂದು ತಿಳಿದ ಕೂಡಲೇ ಒಂದೇ ಕಡೆ ಬದಲಾಯಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ಕೆಲಸ ಬಿಟ್ಟವರ ಹೆಸರನ್ನು ಒಂದೇ ಕಡೆ ಹೊಡೆದುಹಾಕಿದರೆ ಸಾಕು. ಆಗಲೇ ಕೊಟ್ಟ ಟಿಕೇಟು ಅವಧಿ ಮುಗಿಯುವತನಕ ಕೆಲವು ಗಂಟೆ ನಡೆದೀತು, ಅದನ್ನು ನೆನಪಿನಲ್ಲಿಡಬೇಕು. ವರ್ಷಗಟ್ಟಲೆ ತೆರೆದಿದ್ದ ಬಾಗಿಲಿಗೆ ಹೋಲಿಸಿದರೆ ಇದು ಎಷ್ಟೋ ಮೇಲು.

ಎರಡನೆಯದು, “ಪಟ್ಟಿಯ ಯಂತ್ರ ಕೆಟ್ಟು ಕೂತರೆ ಇಡೀ ಕಚೇರಿ ಕೂರುತ್ತದೆ.” ಇದೂ ನಿಜ. ಅದಕ್ಕೆ ಮದ್ದು ಹಳೆಯದು. ದೊಡ್ಡ ಹೊಟೇಲಿನಲ್ಲಿ ಒಬ್ಬನೇ ಭಟ್ಟನನ್ನು ನಂಬಿ ಯಾರೂ ಒಲೆ ಹಚ್ಚುವುದಿಲ್ಲ. ಪಟ್ಟಿಯ ಯಂತ್ರಗಳು ಎರಡಿರಬೇಕು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಾನಾಗಿ ಇಳಿಯುವ ಏರ್ಪಾಡು ಸಾಂಬಾದಲ್ಲಿ ಇದೆ. ಇದಲ್ಲದೆ ಹಿಂದೆ ಒಮ್ಮೆ ಬಂದವರ ಗುರುತನ್ನು ಮೇಜಿನ ಯಂತ್ರವೇ ನೆನಪಿಟ್ಟುಕೊಂಡು, ಪಟ್ಟಿಯ ಯಂತ್ರ ಸಿಗದಿದ್ದಾಗಲೂ ಒಳಗೆ ಬಿಡುವಂತೆ ಮಾಡಲು ಬರುತ್ತದೆ. ವಿಂಡೋಸಿನಲ್ಲಿ ಅದು ಇದೆ, ಲಿನಕ್ಸಿನಲ್ಲೂ ಮಾಡಬಹುದು.

ಮೂರನೆಯ ಆಕ್ಷೇಪಣೆಯೇ ಮುಖ್ಯವಾದದ್ದು. ನಮ್ಮ ಹಿರಿಯ ಮಿಲ್ ಕಾರ್ಮಿಕರೊಬ್ಬರು ಎದ್ದು ನಿಂತು, “ತಮ್ಮಾ, ಜಾಬರನ ತಲೆಯಿಂದ ಪಟ್ಟಿ ಕಾಗದಕ್ಕೆ ಬಂತು ಎಂದೆ. ಕಾಗದ ಯಾರ ಮೇಜಿನಲ್ಲಿತ್ತು?” ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ೧೯೮೨ರ ಜನವರಿ ೧೮ರಂದು ಆರಂಭವಾದ ಆ ಮಹಾ ಮುಷ್ಕರವನ್ನು ಕಂಡವರು ಅವರು. ಮುಷ್ಕರ ಕರಗಿದ ಮೇಲೆ ಸಾವಿರಾರು ಜನರಿಗೆ ಗೇಟು ಮತ್ತೆ ತೆರೆಯಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಮುಗಿಯಿತು. ಪಟ್ಟಿ ಒಂದೇ ಆದಷ್ಟೂ ಅದನ್ನು ಹಿಡಿದವನ ಕೈ ಬಲವಾಗುತ್ತದೆ ಎಂಬ ಸತ್ಯವನ್ನು ಪುಸ್ತಕ ಓದಿ ಅವರು ಕಲಿತದ್ದಲ್ಲ.

ಕಂಪ್ಯೂಟರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಒಂದೇ ಯಂತ್ರವನ್ನು ಅನೇಕರು ಹಂಚಿಕೊಳ್ಳುವ ಪದ್ಧತಿ ಎಂ.ಐ.ಟಿ.ಯಲ್ಲಿ ೧೯೬೦ರ ದಶಕದ ಆರಂಭದಲ್ಲಿ ಬಂದಾಗ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡು ಕೊಟ್ಟಿದ್ದರು. ೧೯೬೨ರಲ್ಲಿ ಆಲನ್ ಶೆರ್ ಎಂಬ ಸಂಶೋಧಕನಿಗೆ ತನಗೆ ಕೊಟ್ಟ ಹೊತ್ತು ಸಾಲಲಿಲ್ಲ. ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿ ಕೊಡೆಂದು ಯಂತ್ರಕ್ಕೆ ಚೀಟಿ ಹಾಕಿದ. ಯಂತ್ರ ಮುದ್ರಿಸಿ ಕೊಟ್ಟಿತು! ಬಾಗಿಲುಗಳೆಲ್ಲ ಭದ್ರವಾಗಿದ್ದುವು, ಪಟ್ಟಿ ಮಾತ್ರ ಬಯಲಿನಲ್ಲಿತ್ತು. ಇಂದಿನ ಏರ್ಪಾಡುಗಳು ಪಾಸ್‌ವರ್ಡನ್ನು ಬರೆದಂತೆಯೇ ಇಡದೆ ಅರೆದು, ರೂಪಗೆಡಿಸಿ ಇಡುತ್ತವೆ. ಆದರೂ ಪಟ್ಟಿಯ ಯಂತ್ರದ ಯಜಮಾನನಾದವನು ಯಾರ ಪಾಸ್‌ವರ್ಡನ್ನಾದರೂ ಬದಲಾಯಿಸಬಲ್ಲ, ಯಾರನ್ನಾದರೂ ಹೊರಗೆ ಹಾಕಬಲ್ಲ, ಯಾರ ಹೆಸರಿನಲ್ಲಾದರೂ ಒಳಗೆ ಬರಬಲ್ಲ.

ಹಾಗಾದರೆ ಪಟ್ಟಿಯೇ ಬೇಡವೆ? ಬೇಕು. ಅದು ಬೇಡವೆಂದರೆ ಭಟ್ಟರ ಕಾಗದ ಮತ್ತೊಮ್ಮೆ ಬೀಗದೊಳಗೆ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಒಂದೇ ಇರಲಿ, ಅದರ ಮೇಲಿನ ಲೇಖನಿ ಒಬ್ಬನದಾಗದಿರಲಿ ಎಂಬುದೇ ನಾನು ಈ ಲೇಖನದಲ್ಲಿ ಹೇಳಹೊರಟದ್ದು. ಸಂಘದ ಹಣವನ್ನು ನಾವು ಹೇಗೆ ಕಾಯುತ್ತೇವೆ? ಚೆಕ್ಕಿಗೆ ಇಬ್ಬರ ಸಹಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ, ಮಹಾಸಭೆಯಲ್ಲಿ ಓದಿ ಒಪ್ಪಿಗೆ. ಖಜಾಂಚಿ ಎಷ್ಟೇ ದೊಡ್ಡ ಮನುಷ್ಯನಾಗಲಿ, ಈ ನಿಯಮವನ್ನು ಅವಮಾನವೆಂದು ತಿಳಿಯುವುದಿಲ್ಲ. ಹೆಸರಿನ ಪಟ್ಟಿ ಹಣಕ್ಕಿಂತ ಕಡಮೆಯ ವಸ್ತುವೆ? ಹಣ ಹೋದರೆ ಚಂದಾ ಎತ್ತಬಹುದು. ದೂರು ಕೊಟ್ಟವನ ಹೆಸರು ಮಾಲಿಕನ ಕೈಗೆ ಹೋದರೆ ಅವನ ಅನ್ನ ಹೋಯಿತು.

ಇದೇ ಕಾರಣದಿಂದ, ಪಟ್ಟಿಯನ್ನು ದೂರದ ಯಾವುದೋ ಕಂಪನಿಯ ಯಂತ್ರದಲ್ಲಿ ತಿಂಗಳ ಬಾಡಿಗೆಗೆ ಇಡೋಣ ಎಂಬ ಸಲಹೆಗೂ ನಾನು ಒಪ್ಪಲಾರೆ. ಅದರಲ್ಲಿ ತೊಂದರೆ ಕಡಮೆ, ಜಾಣರು ನೋಡಿಕೊಳ್ಳುತ್ತಾರೆ ಎಂಬುದೆಲ್ಲ ಸರಿ. ಯಂತ್ರ ನೋಡಿಕೊಳ್ಳುವ ಜನವೇ ಇಲ್ಲದ ಕಚೇರಿಗೆ ಅದು ಒಳ್ಳೆಯದೂ ಆದೀತು. ಆದರೆ ಬಾಡಿಗೆ ಕಟ್ಟದ ತಿಂಗಳು ನಮ್ಮ ಮನೆಯ ಬಾಗಿಲನ್ನು ಬೇರೆಯವನು ಮುಚ್ಚಬಲ್ಲ ಎಂಬ ಸ್ಥಿತಿ ಕಾರ್ಮಿಕ ಸಂಘಕ್ಕೆ ತಕ್ಕುದಲ್ಲ. ಖೋಲಿಯ ಬಾಡಿಗೆಯ ಕಷ್ಟ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮುಂದಿನ ಮಹಾಸಭೆಯ ಮುಂದೆ ಈ ಸೂಚನೆಗಳನ್ನು ಇಡುತ್ತಿದ್ದೇನೆ.

೧. ಕಚೇರಿಯ ಎಲ್ಲ ಯಂತ್ರಗಳಿಗೂ ಒಂದೇ ಪಟ್ಟಿ ಇರಲಿ. ಅದು ಎಲ್‌ಡಿಎಪಿ, ಕೆರ್ಬೆರೋಸ್ ಎಂಬ ಬಹಿರಂಗ ನಿಯಮಗಳ ಮೇಲೆ ನಿಂತ ಸಾಂಬಾದಲ್ಲಿರಲಿ. ನಾಳೆ ಯಾವ ಜಾತಿಯ ಯಂತ್ರ ಬಂದರೂ ಸೇರಿಸಿಕೊಳ್ಳಲು ಅನುಕೂಲ. ಹೊಸ ವಿಂಡೋಸ್ ಯಂತ್ರ ಕೊಳ್ಳುವಾಗ ಹೋಮ್ ಎಂಬ ಅಗ್ಗದ ಬಗೆಯನ್ನು ಕೊಳ್ಳಬಾರದು, ಅದು ಇಂಥ ಪಟ್ಟಿಗೆ ಸೇರುವುದಿಲ್ಲ. ಪ್ರೊ ಎಂಬ ಬಗೆ ಬೇಕು.

೨. ಒಬ್ಬರಿಗೆ ಒಂದೇ ಹೆಸರು. “ಆಫೀಸು” ಎಂಬ ಹೆಸರಿನಲ್ಲಿ ಹತ್ತು ಜನ ಒಳಗೆ ಹೋಗುವ ಈಗಿನ ಪದ್ಧತಿ ನಿಲ್ಲಲಿ. ಲಿನಕ್ಸ್ ಯಂತ್ರವು ಕಡತದ ಒಡೆಯನನ್ನು ಹೆಸರಿನಿಂದಲ್ಲ, ಒಂದು ಸಂಖ್ಯೆಯಿಂದ ಗುರುತಿಸುತ್ತದೆ. ಆ ಸಂಖ್ಯೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಒಂದೇ ಇರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಒಬ್ಬರ ಕಾಗದ ಇನ್ನೊಬ್ಬರದಾಗಿ ಕಾಣುತ್ತದೆ.

೩. ಯಾರು ಎಂಬುದು ಬೇರೆ, ಏನು ಮಾಡಬಹುದು ಎಂಬುದು ಬೇರೆ. ಗಲ್ಲದ ಮುಂದೆ ಬಂದವನೆಲ್ಲ ಉಗ್ರಾಣಕ್ಕೆ ಹೋಗುವುದಿಲ್ಲ. ಲೆಕ್ಕದವರಿಗೆ ಲೆಕ್ಕ, ದೂರಿನ ಕೆಲಸದವರಿಗೆ ದೂರಿನ ಕಡತ ಎಂದು ಗುಂಪುಗಳಾಗಲಿ. ಒಂದೊಂದು ಗುಂಪಿನಲ್ಲಿ ಕನಿಷ್ಠ ಇಬ್ಬರಿರಲಿ. ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ತಮ್ಮ ಹೆಸರಿನಲ್ಲೇ ಕಾಗದ ತೆಗೆಯಬೇಕು.

೪. ಪಟ್ಟಿಯ ಯಂತ್ರದ ದೊಡ್ಡ ಪಾಸ್‌ವರ್ಡು ಎರಡು ತುಂಡಾಗಲಿ. ಒಂದು ತುಂಡು ಕಾರ್ಯದರ್ಶಿಯಲ್ಲಿ, ಇನ್ನೊಂದು ಖಜಾಂಚಿಯಲ್ಲಿ. ಎರಡೂ ತುಂಡುಗಳನ್ನು ಬೇರೆ ಬೇರೆ ಲಕ್ಕೋಟೆಯಲ್ಲಿ ಮೊಹರು ಮಾಡಿ ಬ್ಯಾಂಕಿನ ಲಾಕರಿನಲ್ಲಿ ಇಡುವುದು.

೫. ಹೊಸ ಹೆಸರು ಸೇರಿಸಿದರೂ, ಇದ್ದ ಹೆಸರು ತೆಗೆದರೂ, ಸಮಿತಿಯ ನಡಾವಳಿ ಪುಸ್ತಕದಲ್ಲಿ ಕಾರಣಸಹಿತ ಬರೆಯಬೇಕು. ಸಮಿತಿಗೆ ಎದುರಾಗಿ ಮಾತಾಡಿದನೆಂದು ಯಾರ ಹೆಸರನ್ನೂ ಹೊಡೆಯಬಾರದು. ಕೆಲಸ ಬಿಟ್ಟವರ ಹೆಸರನ್ನು ಅದೇ ದಿನ ತಡೆಹಿಡಿಯಬೇಕು.

೬. ಪಟ್ಟಿಯ ಯಂತ್ರ ಎರಡಿರಲಿ, ಅದರ ನಕಲು ವಾರಕ್ಕೊಮ್ಮೆ ಕಚೇರಿಯ ಹೊರಗೆ ಹೋಗಲಿ. ವರ್ಷಕ್ಕೊಮ್ಮೆ ಲೆಕ್ಕದ ಜೊತೆಗೆ ಈ ಪಟ್ಟಿಯನ್ನೂ ತಪಾಸಣೆ ಮಾಡಿ ಮಹಾಸಭೆಗೆ ವರದಿ ಕೊಡಲಿ.

ಇದಕ್ಕೆಲ್ಲ ಖರ್ಚು ಹೆಚ್ಚಿಲ್ಲ. ಸಾಫ್ಟ್‌ವೇರಿಗೆ ಬೆಲೆಯಿಲ್ಲ, ಯಂತ್ರ ನಮ್ಮಲ್ಲೇ ಇದೆ. ಬೇಕಾದದ್ದು ಕೆಲವು ಭಾನುವಾರಗಳು ಮತ್ತು ಕಲಿಯುವ ಮನಸ್ಸು. ನಮ್ಮ ಮಕ್ಕಳು ಕಂಪ್ಯೂಟರ್ ಕಲಿತು ಕಂಪನಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅಪ್ಪ ಗಲ್ಲದಲ್ಲಿ ನಿಂತು ಓದಿಸಿದ ಋಣವನ್ನು ಅಪ್ಪನ ಸಂಘಕ್ಕೆ ಒಂದೆರಡು ಭಾನುವಾರ ಕೊಟ್ಟು ತೀರಿಸಲಿ ಎಂದು ಕೇಳಿದರೆ ಯಾರೂ ಇಲ್ಲವೆನ್ನಲಾರರು. ಒಬ್ಬ ಆಗಲೇ ಬಂದಿದ್ದಾನೆ. ಇನ್ನಿಬ್ಬರು ಬೇಕು, ಏಕೆಂದರೆ ಒಬ್ಬನನ್ನೇ ನಂಬಿ ಕೂತರೆ ಏನಾಗುತ್ತದೆಂದು ನೋಡಿದೆವಷ್ಟೆ.

ಭಟ್ಟರ ಕಥೆ ಏನಾಯಿತೆಂದು ಕೇಳುತ್ತೀರಿ. ಕಾರ್ಯಕರ್ತ ಊರಿನಿಂದ ಬಂದ ದಿನವೇ ಯಂತ್ರ ತೆರೆದೆವು. ಮುಂದಿನ ತಾರೀಖಿಗೆ ಕಾಗದ ಹಾಜರುಪಡಿಸಿದೆವು, ಮಾಲಿಕರ ತಕರಾರು ನಿಲ್ಲಲಿಲ್ಲ. ದುಡ್ಡು ಬಂತು. ಆದರೆ ಆ ಎರಡೂವರೆ ತಿಂಗಳು ಮಗಳ ಕಾಲೇಜಿನ ಫೀಸಿಗೆಂದು ಭಟ್ಟರು ಬಡ್ಡಿಗೆ ಸಾಲ ತಂದಿದ್ದರು. ಆ ಬಡ್ಡಿ ಮಾಲಿಕನ ಲೆಕ್ಕಕ್ಕೆ ಸೇರಿದ್ದಲ್ಲ, ನಮ್ಮ ಲೆಕ್ಕದ್ದು. ಅದನ್ನು ತೀರಿಸುವ ದಾರಿ ಒಂದೇ: ಇನ್ನೊಬ್ಬ ಸದಸ್ಯ ನಮ್ಮ ಕಚೇರಿಯ ಮೆಟ್ಟಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳದಂತೆ ನೋಡಿಕೊಳ್ಳುವುದು. ಮಹಾಸಭೆಗೆ ಬನ್ನಿರಿ. ಕೈ ಎತ್ತುವ ಮುಂಚೆ ಪ್ರಶ್ನೆ ಕೇಳಿರಿ. ಪಟ್ಟಿ ನಿಮ್ಮದು.

— ಒಬ್ಬ ಹೊಟೇಲು ಕಾರ್ಮಿಕ